ಓದಿದ ಮೇಲೆ ಡಿಲೀಟ್ ಮಾಡು

ಗೆಳತಿಯೊಬ್ಬಳು ಬಾಡಿಗೆ ಮನೆ ಬದಲಾಯಿಸುವಾಗ, ಸಜ್ಜೆ ಮೇಲಿನ ರಟ್ಟಿನ ಡಬ್ಬಗಳನ್ನು ಇಳಿಸಿಕೊಡು ಬಾ ಅಂತ ಕರೆದಳು. ಒಳಗೆ ತುಂಬಿದ್ದು ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಚಳವಳಿಯ ಹಳೇ ಕಾಗದ. ನುಸಿಗುಳಿಗೆಯ ವಾಸನೆ. ಪಿನ್ನುಗಳು ತುಕ್ಕು ಹಿಡಿದು ಹಾಳೆಗೇ ಕಚ್ಚಿಕೊಂಡಿದ್ದವು. ಲಾ ಸ್ಕೂಲಿನಲ್ಲಿ ಕ್ವಿಯರ್ ಜನರ ದಾಖಲೆ ಕೂಡಿಡುವ ಕಮ್ರಾ ಅಂತ ಒಂದು ಆರ್ಕೈವ್ ಇದೆಯಲ್ಲ, ಅದಕ್ಕೆ ಏನಾದರೂ ಕೊಡಬಹುದಾ ನೋಡೋಣ ಅಂತ ನೆಲದ ಮೇಲೆ ಎಲ್ಲ ಹರಡಿಕೊಂಡು ಕೂತೆವು. ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕದ 2001ರ ವರದಿ ಸಿಕ್ಕಿತು. ಹಿಜ್ರಾ ಮತ್ತು ಕೋತಿಗಳ (ಹೆಣ್ಣಿನ ಹಾವಭಾವದ ಗಂಡಸರು ತಮ್ಮನ್ನು ಕರೆದುಕೊಳ್ಳುವ ಹೆಸರು) ಮೇಲಿನ ದೌರ್ಜನ್ಯದ ಬಗ್ಗೆ 2003ರಲ್ಲಿ ಬಂದ ಇನ್ನೊಂದು ವರದಿಯ ಜೆರಾಕ್ಸ್ ಸಿಕ್ಕಿತು. 2008ರ ಮೊದಲ ಪ್ರೈಡ್ ಮೆರವಣಿಗೆಯ ಕರಪತ್ರ, 2009ರಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ ಅಂದ ದಿಲ್ಲಿ ಹೈಕೋರ್ಟಿನ ತೀರ್ಪು ಬಂದ ಮರುದಿನದ ಪೇಪರ್ ಕಟಿಂಗು, ಯಾರೋ ಸ್ಕೆಚ್ ಪೆನ್ನಿನಲ್ಲಿ ಬರೆದು ಹೊಡೆದುಹಾಕಿ ಮತ್ತೆ ಬರೆದ ಘೋಷಣೆಗಳು.

ಓದುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಪಾರ್ಕಿನಲ್ಲಿ ಹಿಡಿದು ದುಡ್ಡು ಕಿತ್ತ ಪೊಲೀಸರು ಈ ಕಾಗದಗಳಲ್ಲಿದ್ದಾರೆ. ಮಗನನ್ನು ಮನೆಯಿಂದ ಹೊರಗೆ ಹಾಕಿದ ಅಪ್ಪ ಇದ್ದಾನೆ. 'ಸರಿ ಮಾಡಿಕೊಡ್ತೀನಿ' ಅಂತ ಶಾಕ್ ಕೊಟ್ಟ ಡಾಕ್ಟರ್ ಇದ್ದಾರೆ, ರಾತ್ರೋರಾತ್ರಿ ಮನೆ ಖಾಲಿ ಮಾಡಿಸಿದ ಓನರ್ ಇದ್ದಾರೆ. ಹೊರಗಿನವರು ನಮಗೆ ಮಾಡಿದ್ದೆಲ್ಲ ಇದೆ. ನಾವು ನಮ್ಮವರಿಗೆ ಮಾಡಿದ್ದು ಒಂದು ಸಾಲೂ ಇಲ್ಲ. ಏನೂ ಆಗಿರಲಿಲ್ಲ ಅಂತ ಅಲ್ಲ. ಆ ಫೋಟೋಗಳಲ್ಲಿ ಬ್ಯಾನರ್ ಹಿಡಿದು ನಿಂತ ಎಷ್ಟೋ ಜನ ನನಗೆ ಗೊತ್ತು. ಯಾರ ಬಾಯ್‌ಫ್ರೆಂಡ್ ಯಾರ ಎಟಿಎಂ ಕಾರ್ಡ್ ಇಟ್ಟುಕೊಂಡಿದ್ದ, ಯಾರು ಯಾರನ್ನು ಮೀಟಿಂಗಿನಲ್ಲಿ ಎಲ್ಲರ ಮುಂದೆ 'ನಿನಗೇನು ಗೊತ್ತು ಕೂತ್ಕೋ' ಅಂತ ದಿನಾ ಕುಗ್ಗಿಸುತ್ತಿದ್ದರು, ಯಾರು ಯಾರಿಗೆ ಹೆದರಿ ಒಂಬತ್ತು ಗಂಟೆಗೆ ಮೊದಲೇ ಎದ್ದು ಹೋಗುತ್ತಿದ್ದರು, ಎಲ್ಲ ಗೊತ್ತಿತ್ತು. ನನ್ನದೂ ಅವರಿಗೆ ಗೊತ್ತಿತ್ತು ಅಂತ ಕಾಣುತ್ತೆ. ಗೊತ್ತಿದ್ದದ್ದಕ್ಕೂ ಬರೆದಿಟ್ಟದ್ದಕ್ಕೂ ನಡುವೆ ಇಷ್ಟು ದೊಡ್ಡ ಕಂದಕ ಹೇಗೆ ಬಂತು ಅನ್ನೋದು ಅವತ್ತಿನಿಂದ ತಲೆ ತಿನ್ನುತ್ತಿದೆ.

ಒಂದು ರಿಂಗ್

ಆಗಿನ ನನ್ನ ಸಂಗಾತಿಯ ಜೊತೆ ನಾನು ರಾಜಾಜಿನಗರದ ಒಂದು ಫಸ್ಟ್ ಫ್ಲೋರ್ ಮನೆಯಲ್ಲಿದ್ದೆ. ಕೆಳಗೆ ಓನರ್ ಆಂಟಿ. 'ಅಕ್ಕತಂಗಿ ತರ ಇದ್ದೀರಮ್ಮ, ನೋಡೋಕೆ ಚಂದ' ಅನ್ನುತ್ತಿದ್ದರು. ಅವಳು ಒಂದು ದಿನವೂ ನನ್ನ ಮೈ ಮುಟ್ಟಿ ಹೊಡೆದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳುವವರೆಲ್ಲ ಮೊದಲು ಕೇಳುವುದು ಅದನ್ನೇ. ಅವಳು ಮಾಡುತ್ತಿದ್ದದ್ದು ಬೇರೆ. ನಾನು ಆಫೀಸಿನಿಂದ ತಡವಾಗಿ ಬಂದರೆ, ಅಥವಾ ಯಾರ ಜೊತೆಗೋ ಫೋನಿನಲ್ಲಿ ಜಾಸ್ತಿ ನಕ್ಕರೆ, ಊಟಕ್ಕೆ ಕೂತಾಗ ನನ್ನ ಫೋನ್ ಎತ್ತಿಕೊಳ್ಳುತ್ತಿದ್ದಳು. ನೋಕಿಯಾ ಕಾಲ ಅದು, ಲಾಕು ಗೀಕು ಏನಿಲ್ಲ. ತಿಪಟೂರಿನಲ್ಲಿದ್ದ ನಮ್ಮಣ್ಣನ ನಂಬರ್ ಒತ್ತುತ್ತಿದ್ದಳು. ಸ್ಪೀಕರ್ ಹಾಕಿ ತಟ್ಟೆಯ ಪಕ್ಕ ಇಡುತ್ತಿದ್ದಳು. ಒಂದು ರಿಂಗ್ ಆಗುತ್ತಿತ್ತು. ನನ್ನ ಮುಖ ನೋಡುತ್ತಿದ್ದಳು. ಕಟ್ ಮಾಡುತ್ತಿದ್ದಳು. ಆಮೇಲೆ ಅನ್ನ ಕಲಸಿಕೊಂಡು ಊಟ ಮುಂದುವರಿಸುತ್ತಿದ್ದಳು, ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ ಆಯ್ತು ಅಲ್ವಾ ಅನ್ನುತ್ತಾ.

ಅಣ್ಣ ವಾಪಸ್ ಮಾಡುತ್ತಿದ್ದ. ಅವನು ಕೊಬ್ಬರಿ ಮಂಡಿ ಲೆಕ್ಕ ಮುಗಿಸಿ ಮನೆಗೆ ಬರುವ ಹೊತ್ತು ಅದು. 'ಏನೇ, ಮಿಸ್ ಕಾಲ್ ಕೊಟ್ಟಿದ್ದೆ?' ನಾನು ಏನಾದರೂ ಹೇಳಬೇಕು. ಊಟ ಆಯ್ತಾ ಅಂತ ಕೇಳೋಣ ಅಂದ್ಕೊಂಡೆ. ಅಮ್ಮನ ಮಂಡಿ ನೋವು ಹೇಗಿದೆ. ಮಳೆ ಬಂತಾ. ಎದುರಿಗೆ ಅವಳು ಗಲ್ಲಕ್ಕೆ ಕೈ ಕೊಟ್ಟುಕೊಂಡು ಕೇಳಿಸಿಕೊಳ್ಳುತ್ತಿದ್ದಳು. ಅಣ್ಣನಿಗೆ ಅವಳು ಏನನ್ನೂ ಹೇಳಲಿಲ್ಲ, ಕೊನೆಯವರೆಗೂ ಹೇಳಲಿಲ್ಲ. ಹೇಳಬಹುದು ಅನ್ನೋದು ಸಾಕಾಗಿತ್ತು. ಈಗ ಯೋಚಿಸಿದರೆ ನಗುವೂ ಬರುತ್ತೆ. ಊರಿನಲ್ಲಿ ನನಗೆ ಒಳ್ಳೇ ಹೆಸರು ಬಂದಿತ್ತು. ಅಮ್ಮ ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದಳಂತೆ, ಬೆಂಗಳೂರಿಗೆ ಹೋದಮೇಲೂ ನನ್ನ ಮಗಳು ಅಣ್ಣನನ್ನು ಮರೆತಿಲ್ಲ, ವಾರದಲ್ಲಿ ಮೂರು ನಾಲ್ಕು ಸಲ ಫೋನ್ ಮಾಡ್ತಾಳೆ. ಫೋನ್ ಕಂಪನಿಯ ಕಂಪ್ಯೂಟರಿನಲ್ಲಿ ಆ ಕಾಲದ ಲೆಕ್ಕ ಇನ್ನೂ ಇದ್ದರೆ, ಅದು ಹೇಳುವ ಕಥೆ ಅದೇ. ಅಣ್ಣನ ಮೇಲೆ ಜೀವ ಇಟ್ಟುಕೊಂಡ ತಂಗಿ.

ಮೆಸೇಜುಗಳ ಕಥೆ ಇನ್ನೊಂದು. ಓದಿದ ಮೇಲೆ ಡಿಲೀಟ್ ಮಾಡೋದು ನಮ್ಮಿಬ್ಬರ ನಿಯಮ. ನಮ್ಮಿಬ್ಬರದೇನು, ಆ ಕಾಲದ ನಮ್ಮಂಥವರೆಲ್ಲರ ನಿಯಮ. ಹಬ್ಬಕ್ಕೆ ಊರಿಗೆ ಹೋಗುವ ಬಸ್ಸು ಹತ್ತುವ ಮುಂಚೆ ಇನ್‌ಬಾಕ್ಸ್, ಸೆಂಟ್ ಎರಡೂ ಖಾಲಿ. ಡೈರಿ ಬರೆಯುವುದಿಲ್ಲ, ಇಬ್ಬರೇ ಇರುವ ಫೋಟೋ ಪ್ರಿಂಟ್ ಹಾಕಿಸುವುದಿಲ್ಲ. ನಮ್ಮನ್ನು ಕಾಪಾಡಿದ್ದು ಆ ಅಭ್ಯಾಸವೇ. ಆದರೆ ಅವಳು ಮಧ್ಯಾಹ್ನ ಕಳಿಸಿದ ಮೆಸೇಜನ್ನು ಸಂಜೆ ನೆನಪಿಸಿದರೆ, 'ನಾನು ಯಾವಾಗ ಹಾಗಂದೆ? ತೋರಿಸು' ಅನ್ನುತ್ತಿದ್ದಳು. ತೋರಿಸೋಕೆ ಏನಿರುತ್ತೆ? ನಾನೇ ಅಳಿಸಿರುತ್ತಿದ್ದೆ. ದಿನ ಕಳೆದ ಹಾಗೆ ನನಗೇ ಅನುಮಾನ. ನಿಜವಾಗಿಯೂ ಅಂದಳಾ, ಇಲ್ಲಾ ನಾನೇ ಅಂದುಕೊಂಡೆನಾ?

ಅವಳು ರಾಕ್ಷಸಿ ಅಂತ ಬರೆದುಬಿಟ್ಟರೆ ಕೆಲಸ ಸುಲಭ. ಹಾಗಿರಲಿಲ್ಲ. ಒಬ್ಬ ಟ್ರಾನ್ಸ್ ಹುಡುಗಿಯನ್ನು ಸ್ಟೇಷನ್ನಿನಲ್ಲಿ ಕೂರಿಸಿಕೊಂಡಾಗ ರಾತ್ರಿ ಹನ್ನೊಂದಕ್ಕೆ ಆಟೋ ಹತ್ತಿ ಹೋಗಿ ಇನ್ಸ್‌ಪೆಕ್ಟರ್ ಜೊತೆ ವಾದ ಮಾಡಿ ಬಿಡಿಸಿಕೊಂಡು ಬಂದವಳು ಅವಳು. ನಾವೆಲ್ಲ ಬಾಗಿಲ ಹೊರಗೇ ನಿಂತಿದ್ದೆವು. ಆ ಡಬ್ಬದ ಕಾಗದಗಳಲ್ಲಿ ಅವಳ ಹೆಸರಿದೆ. ಒಳ್ಳೇ ಕಾರಣಕ್ಕೇ ಇದೆ. ಅದನ್ನು ತೆಗೆದುಹಾಕಬೇಕು ಅಂತ ನನಗೆ ಅನ್ನಿಸಿಲ್ಲ. ಅದರ ಪಕ್ಕದಲ್ಲಿ ಈ ಒಂದು ರಿಂಗಿಗೂ ಜಾಗ ಇರಬೇಕಿತ್ತು, ಅಷ್ಟೇ.

ರಿಜಿಸ್ಟರಿನ ಒಂದು ಸಾಲು

ಒಂದು ಸಲ, ನಿದ್ದೆಯೇ ಬಾರದೆ ಹೋದಾಗ, ಹೆಂಗಸರಿಗೆ ಸಲಹೆ ಕೊಡುವ ಒಂದು ಕೇಂದ್ರಕ್ಕೆ ಹೋದೆ. ಕಬ್ಬಿಣದ ಟೇಬಲ್ಲು, ಅದರ ಮೇಲೆ ಕೆಂಪು ಬಟ್ಟೆ ಅಂಚಿನ ಉದ್ದ ರಿಜಿಸ್ಟರು. ಅಲ್ಲಿದ್ದ ಮೇಡಂ ಒಳ್ಳೆಯವರು. ಮೊದಲು ನೀರು ಕೊಟ್ಟರು. ಹೆಸರು, ವಯಸ್ಸು, ಕೆಲಸ ಬರೆದುಕೊಂಡು 'ಗಂಡನ ಹೆಸರಮ್ಮ?' ಅಂದರು. ಮದುವೆ ಆಗಿಲ್ಲ ಅಂದೆ. 'ಮತ್ತೆ ಯಾರು ತೊಂದರೆ ಕೊಡ್ತಿರೋದು, ಅಪ್ಪನಾ? ಲವ್ವಾ?' ಮನೆಯಲ್ಲಿ ಜೊತೆಗಿರುವ ಹುಡುಗಿ ಅಂದೆ. ಅವರು ಪೆನ್ನು ಕೆಳಗಿಟ್ಟರು. 'ಅಯ್ಯೋ, ಅಷ್ಟಕ್ಕೆ ಇಷ್ಟು ಸೊರಗಿದ್ದೀಯಾ? ಬೇರೆ ಪಿಜಿ ನೋಡ್ಕೋ ಅಮ್ಮ.' ನಾನು ಇನ್ನೊಂದು ವಾಕ್ಯ ಹೇಳಬಹುದಿತ್ತು. ಬಾಗಿಲ ಹತ್ತಿರದ ಬೆಂಚಿನಲ್ಲಿ ಇನ್ನೂ ಇಬ್ಬರು ಕೂತಿದ್ದರು. ಆಗ ಸಲಿಂಗ ಸಂಬಂಧವನ್ನು ಅಪರಾಧ ಅನ್ನುವ 377ನೇ ಕಲಂನ ಕೇಸು ಸುಪ್ರೀಂ ಕೋರ್ಟಿನಲ್ಲಿತ್ತು, ಯಾವ ಕಡೆ ತೀರ್ಪು ಬರುತ್ತೋ ಯಾರಿಗೂ ಗೊತ್ತಿರಲಿಲ್ಲ. ಸುಮ್ಮನಾದೆ. ಅವರು ಬರೆದದ್ದನ್ನು ನಾನು ತಲೆಕೆಳಗಾಗಿ ಓದಿಕೊಂಡೆ: 'ರೂಂಮೇಟ್ ಜೊತೆ ಮನಸ್ತಾಪ. ತಿಳಿ ಹೇಳಿ ಕಳಿಸಲಾಗಿದೆ.'

ಹಾಗಾಗಿ ದಾಖಲೆ ಪೂರ್ತಿ ಇಲ್ಲ ಅನ್ನೋದು ತಪ್ಪಾಗುತ್ತೆ. ಇದೆ. ರೂಂಮೇಟ್ ಜಗಳ, ಗೆಳತಿಯರ ಮುನಿಸು, ಹುಡುಗರ ದುಡ್ಡಿನ ವ್ಯವಹಾರ, ಹೊಟ್ಟೆನೋವು ತಾಳಲಾರದೆ ಆತ್ಮಹತ್ಯೆ. ನಮ್ಮ ಊರುಗಳ ರಿಜಿಸ್ಟರುಗಳಲ್ಲಿ, ಸ್ಟೇಷನ್ ಡೈರಿಗಳಲ್ಲಿ ಇಂಥ ಸಾಲುಗಳ ಕೆಳಗೆ ಎಷ್ಟು ಮನೆಗಳ ಕಥೆ ಮಲಗಿದೆಯೋ. ಮುಂದೆ ಯಾರಾದರೂ ಹುಡುಕಿದರೂ ಸಿಗಲಾರದ ಹಾಗೆ, ಬೇರೆ ಹೆಸರಿನಲ್ಲಿ.

ಹದಿನೈದು ದಿನದ ಅಂತರ

ಕಾನೂನಿನ ಮಾತು ಸ್ವಲ್ಪ ಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಓದಿದರೆ ಆಶ್ಚರ್ಯ ಆಗುತ್ತೆ. ಹೊಡೆತ ಒಂದೇ ದೌರ್ಜನ್ಯ ಅಲ್ಲ ಅಂತ ಅದು ನೇರವಾಗಿ ಹೇಳುತ್ತೆ. ಅವಮಾನ ಮಾಡುವುದು, ಗೇಲಿ ಮಾಡುವುದು, ಹೆಸರಿಟ್ಟು ಹೀಯಾಳಿಸುವುದು, ದುಡ್ಡು ಕೈಗೆ ಸಿಗದ ಹಾಗೆ ಮಾಡುವುದು, ಎಲ್ಲವೂ ಅದರ 3ನೇ ಕಲಂನಲ್ಲಿದೆ. ಇಷ್ಟು ಚೆನ್ನಾಗಿ ಮನಸ್ಸಿನ ಏಟನ್ನು ಅರ್ಥ ಮಾಡಿಕೊಂಡ ಕಾನೂನು ನಮ್ಮಲ್ಲಿ ಕಮ್ಮಿ. ಆದರೆ ಒಳಗೆ ಹೋಗಬೇಕಾದರೆ ಬಾಗಿಲಲ್ಲಿ ಒಂದು ಪ್ರಶ್ನೆ ಇದೆ: ನಿಮ್ಮದು ಕೌಟುಂಬಿಕ ಸಂಬಂಧ ಹೌದಾ? ರಕ್ತಸಂಬಂಧ, ಮದುವೆ, ದತ್ತು, ಕೂಡುಕುಟುಂಬ, ಇಲ್ಲಾ ಮದುವೆಯಂಥ ಸಂಬಂಧ.

ಈ 'ಮದುವೆಯಂಥ ಸಂಬಂಧ' ಅಂದರೆ ಏನು ಅಂತ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದ್ದು ಇಂದ್ರಾ ಶರ್ಮಾ ಕೇಸಿನಲ್ಲಿ, 2013ರ ನವೆಂಬರ್ 26ರಂದು. ಅದು ಬೆಂಗಳೂರಿನಿಂದಲೇ ಹೋದ ಕೇಸು. ಒಂದೇ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಣ್ಣು, ಒಬ್ಬ ಮದುವೆಯಾದ ಗಂಡು. ನಮಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಆದರೆ ಕೋರ್ಟು ಯಾವ ಯಾವ ಥರದ ಸಂಬಂಧಗಳಿರಬಹುದು ಅಂತ ಪಟ್ಟಿ ಮಾಡಿತು. ಆ ಪಟ್ಟಿಯಲ್ಲಿ ಗೇ ಮತ್ತು ಲೆಸ್ಬಿಯನ್ ಸಂಗಾತಿಗಳದ್ದೂ ಒಂದು. ಈ ಕಾಯ್ದೆ ಅಂಥ ಸಂಬಂಧವನ್ನು ಗುರುತಿಸುವುದಿಲ್ಲ, ಅದು ಮದುವೆಯಂಥ ಸಂಬಂಧ ಆಗುವುದಿಲ್ಲ. ಹೋಗ್ತಾ ಹೋಗ್ತಾ ಹೇಳಿದ ಮಾತು. ಕೇಳಿದವರು ಯಾರೂ ಇರಲಿಲ್ಲ, ವಾದ ಮಾಡಿದವರೂ ಇರಲಿಲ್ಲ. ಬರೆದ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ನಮ್ಮ ವಿರೋಧಿಯೇನಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಟ್ರಾನ್ಸ್‌ಜೆಂಡರ್ ಜನರ ಹಕ್ಕು ಎತ್ತಿಹಿಡಿದ ನಾಲ್ಸಾ ತೀರ್ಪು ಕೊಟ್ಟ ಪೀಠದಲ್ಲಿದ್ದವರು ಅವರೇ.

ಇಂದ್ರಾ ಶರ್ಮಾ ತೀರ್ಪಾಗಿ ಹದಿನೈದು ದಿನಕ್ಕೆ, ಡಿಸೆಂಬರ್ 11ಕ್ಕೆ, ಸುಪ್ರೀಂ ಕೋರ್ಟಿನ ಕೌಶಲ್ ತೀರ್ಪು ಬಂತು. 377 ಮತ್ತೆ ಜಾರಿಗೆ. ಆ ತಾರೀಖು ನಮ್ಮೆಲ್ಲರ ಎದೆಯಲ್ಲಿದೆ. ಟೌನ್ ಹಾಲ್ ಮೆಟ್ಟಿಲ ಮುಂದೆ ಚಳಿಯಲ್ಲಿ ನಿಂತು ಕೂಗಿದೆವು. ಅವಳೂ ನಾನೂ ಒಂದೇ ಬ್ಯಾನರಿನ ಎರಡು ತುದಿ ಹಿಡಿದಿದ್ದೆವು. ನವೆಂಬರ್ 26ರದ್ದು ನಮ್ಮಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ನಿಮ್ಮ ಪ್ರೀತಿ ಅಪರಾಧ ಅಂದಾಗ ಬೀದಿಗೆ ಬಂದೆವು. ನಿಮ್ಮ ಮನೆಯೊಳಗಿನ ನೋವು ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಅಂದಾಗ ಒಂದು ಕರಪತ್ರವೂ ಬರಲಿಲ್ಲ. ಆ ಡಬ್ಬದಲ್ಲಿ ಹುಡುಕಿದೆ, ಇರಲಿಲ್ಲ.

ಕೌಶಲ್ ತೀರ್ಪಿನಲ್ಲಿ ಇನ್ನೊಂದು ವಿಚಿತ್ರ ತರ್ಕ ಇತ್ತು. 150 ವರ್ಷಕ್ಕೂ ಮೀರಿ 377ರ ಕೆಳಗೆ ಕೇಸು ನಡೆದದ್ದು 200 ಜನಕ್ಕೂ ಕಮ್ಮಿ ಮಂದಿಯ ಮೇಲೆ, ಅಂದಮೇಲೆ ಇದರಿಂದ ಅಷ್ಟೇನು ತೊಂದರೆ ಅನ್ನೋ ಧಾಟಿ. ನಾವೆಲ್ಲ ಸಿಡಿದೆವು. ಸ್ಟೇಷನ್ನಿನಲ್ಲಿ ಬಡಿದು ದುಡ್ಡು ಕಿತ್ತು ಕಳಿಸಿದ್ದಕ್ಕೆ ಯಾವ ಕೇಸ್ ನಂಬರ್ ಇರುತ್ತೆ ಸ್ವಾಮಿ? ಕಾಗದದಲ್ಲಿ ಇಲ್ಲ ಅಂದ ಮಾತ್ರಕ್ಕೆ ಆಗಿಲ್ಲ ಅಂತಲಾ? ಸರಿಯಾದ ಸಿಟ್ಟೇ. ಆದರೆ ಅದೇ ವರ್ಷ, ಅದೇ ನಾವು, ಒಳಗಿನ ವಿಷಯ ಯಾರಾದರೂ ಎತ್ತಿದರೆ ಹೇಳುತ್ತಿದ್ದದ್ದೂ ಹೆಚ್ಚು ಕಮ್ಮಿ ಇದನ್ನೇ. ಎಲ್ಲೋ ಒಂದೋ ಎರಡೋ ಕಣೇ. ಪರ್ಸನಲ್ ಜಗಳ ಅದು. ಕೋರ್ಟಲ್ಲಿ ಕೇಸ್ ಇದೆ, ಪೇಪರಿನವರ ಕಿವಿಗೆ ಬಿದ್ದರೆ ಏನಾಗುತ್ತೆ ಗೊತ್ತಲ್ಲ.

ಆಮೇಲೆ ಒಂದಿಷ್ಟು ಬದಲಾಗಿದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಎದುರುಪಕ್ಷ 'ವಯಸ್ಕ ಗಂಡಸು' ಆಗಿರಬೇಕು ಅಂತಿದ್ದ ಮಾತನ್ನು 2016ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಅಂದರೆ ಹೆಂಗಸಿನ ಮೇಲೂ ದೂರು ಕೊಡಬಹುದು. ಆ ಕೇಸು ಮನೆಯೊಳಗಿನ ಅತ್ತೆ ನಾದಿನಿಯಂಥವರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಬಾಗಿಲಿನ ಪ್ರಶ್ನೆ ಅಲ್ಲೇ ಇದೆ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ 18ನೇ ಕಲಂ ಟ್ರಾನ್ಸ್ ವ್ಯಕ್ತಿಗೆ ಮಾಡುವ ಭಾವನಾತ್ಮಕ, ಆರ್ಥಿಕ ದೌರ್ಜನ್ಯವನ್ನೂ ಅಪರಾಧ ಅನ್ನುತ್ತೆ. ಗಂಡು ಗಂಡಿನ ಜೋಡಿಗೆ ಅಷ್ಟೂ ಇಲ್ಲ. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ದಂಡಸಂಹಿತೆಯಲ್ಲಿ 377ರ ಜಾಗದಲ್ಲಿ ಏನನ್ನೂ ಇಟ್ಟಿಲ್ಲ. ವಯಸ್ಕ ಗಂಡಸಿನ ಮೇಲೆ ಅತ್ಯಾಚಾರ ಆದರೂ ಆ ಹೆಸರಿನಲ್ಲಿ ದೂರು ಕೊಡೋಕೆ ಕಲಂ ಇಲ್ಲ, ಇನ್ನು ಮನಸ್ಸಿನ ಮಾತೆಲ್ಲಿ ಬಂತು.

ಕತ್ತರಿ ಹಿಡಿದ ಗೆಳೆಯ

ಬೇರೆ ದೇಶದಲ್ಲಾದರೂ ಇಂಥದ್ದು ಬರೆದಿಟ್ಟವರು ಇರಬಹುದಾ ಅಂತ ಹುಡುಕುವಾಗ ಮತ್ತೆ ಮತ್ತೆ ಎದುರಾದದ್ದು ಐರಿಶ್ ಲೇಖಕ ಆಸ್ಕರ್ ವೈಲ್ಡ್. ಅವನು ಜೈಲಿಗೆ ಹೋದದ್ದು ಎಲ್ಲರಿಗೂ ಗೊತ್ತು. ಗಂಡಸರ ಜೊತೆಗಿನ ಸಂಬಂಧಕ್ಕೆ 1895ರಲ್ಲಿ ಎರಡು ವರ್ಷ ಕಠಿಣ ಶಿಕ್ಷೆ. ಆ ಕೇಸಿನಿಂದಾಗಿ ಅವನು ನಮ್ಮೆಲ್ಲರ ಪಾಲಿಗೆ ಹುತಾತ್ಮ. ಆದರೆ 1897ರ ಶುರುವಿನಲ್ಲಿ, ರೆಡಿಂಗ್ ಜೈಲಿನಿಂದ ಅವನು ತನ್ನ ಪ್ರಿಯಕರ ಆಲ್ಫ್ರೆಡ್ ಡಗ್ಲಸ್‌ಗೆ ಒಂದು ಉದ್ದದ ಕಾಗದ ಬರೆದ. ಅದರಲ್ಲಿ ದೊಡ್ಡ ಭಾಗ ಜೈಲಿನ ಬಗ್ಗೆ ಅಲ್ಲ, ಬ್ರಿಟಿಷ್ ಕಾನೂನಿನ ಬಗ್ಗೆ ಅಲ್ಲ. ನೀನು ನನ್ನ ಜೊತೆ ಹೇಗೆ ನಡೆದುಕೊಂಡೆ ಅನ್ನೋದರ ಬಗ್ಗೆ. ಊಟದ ಬಿಲ್ಲುಗಳು, ಕೂಗಾಟ, ಬರೆಯೋಕೆ ಬಿಡದೆ ಕಾಡಿದ್ದು, ಬಿಟ್ಟು ಹೋದಾಗ ಸಾಯ್ತೀನಿ ಅನ್ನುವ ಹಾಗೆ ತಂತಿ ಕಳಿಸಿದ್ದು. ಒಂದು ಕಡೆ ಬ್ರೈಟನ್ನಿನ ಪ್ರಸಂಗ ಬರುತ್ತೆ. ಡಗ್ಲಸ್‌ಗೆ ಫ್ಲೂ ಬಂದಿತ್ತು, ವೈಲ್ಡ್ ಪಕ್ಕದಲ್ಲೇ ಕೂತು ಆರೈಕೆ ಮಾಡಿದ. ಅದೇ ಜ್ವರ ವೈಲ್ಡ್‌ಗೆ ಬಂದಾಗ ಡಗ್ಲಸ್ ಒಂದು ಲೋಟ ನೀರಿಗೂ ಗತಿಯಿಲ್ಲದ ಹಾಗೆ ಬಿಟ್ಟು ಹೋದ. ಆಮೇಲೆ ಕಾಗದ ಬರೆದ: ನೀನು ನಿನ್ನ ಎತ್ತರದ ಪೀಠದ ಮೇಲೆ ಇಲ್ಲದಾಗ ನಿನ್ನಲ್ಲಿ ಏನೂ ಸ್ವಾರಸ್ಯ ಇಲ್ಲ, ಮುಂದಿನ ಸಲ ಕಾಯಿಲೆ ಬಿದ್ದರೆ ಆಗಲೇ ಹೊರಟುಬಿಡ್ತೀನಿ. ಅದು ವೈಲ್ಡ್‌ನ ಹುಟ್ಟುಹಬ್ಬದ ದಿನ ಕೈ ಸೇರಿತು. ಇದನ್ನು ಓದಿ ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಈಗ ಆ ಕಾಗದಕ್ಕೆ ಏನಾಯ್ತು ನೋಡಿ. ವೈಲ್ಡ್ ಅದನ್ನು ಗೆಳೆಯ ರಾಬರ್ಟ್ ರಾಸ್ ಕೈಗೆ ಕೊಟ್ಟ. ರಾಸ್ ಒಂದು ಕಾಲದಲ್ಲಿ ವೈಲ್ಡ್‌ನನ್ನು ಪ್ರೀತಿಸಿದವನು, ಕೊನೆಯವರೆಗೂ ಕೈ ಬಿಡದವನು. ವೈಲ್ಡ್ ಸತ್ತು ಐದು ವರ್ಷಕ್ಕೆ, 1905ರಲ್ಲಿ, ಅವನು ಅದನ್ನು ಅಚ್ಚು ಹಾಕಿಸಿದ. ಅರ್ಧಕ್ಕಿಂತ ಕಮ್ಮಿ ಮಾತ್ರ. ಡಗ್ಲಸ್ ಇರುವ ಜಾಗವನ್ನೆಲ್ಲ ತೆಗೆದುಹಾಕಿದ. ಉಳಿದದ್ದು ದುಃಖ, ಏಸುಕ್ರಿಸ್ತ, ಕಲೆ, ವಿನಯ. ಜನ ಅದನ್ನು ಪಶ್ಚಾತ್ತಾಪದ ಗ್ರಂಥ ಅಂತ ಓದಿ ಕಣ್ಣೀರಿಟ್ಟರು. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಬರೆದ ಕಾಗದ ಅಂತಲೇ ಗೊತ್ತಾಗದ ಹಾಗೆ ಆಗಿತ್ತು. ಮೂಲ ಪ್ರತಿಯನ್ನು ರಾಸ್ 1909ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟ, 50 ವರ್ಷ ಯಾರಿಗೂ ತೋರಿಸಬೇಡಿ ಅನ್ನುವ ಕರಾರಿನ ಮೇಲೆ. ಪೂರ್ತಿ ಸರಿಯಾದ ಪಾಠ ಅಚ್ಚಾದದ್ದು 1962ರಲ್ಲಿ.

ರಾಸ್ ಕೆಟ್ಟವನಲ್ಲ. ಗೆಳೆಯನ ಹೆಸರು ಮತ್ತೆ ಮೇಲೆ ಬರಬೇಕು, ಡಗ್ಲಸ್ ಇನ್ನೂ ಬದುಕಿದ್ದಾನೆ, ಕೋರ್ಟಿಗೆ ಎಳೆದರೆ ಕಷ್ಟ. ಅವನ ಭಯವೇನೂ ಸುಳ್ಳಾಗಲಿಲ್ಲ. 1913ರಲ್ಲಿ ಡಗ್ಲಸ್ ಒಬ್ಬ ಲೇಖಕನ ಮೇಲೆ ಮಾನನಷ್ಟ ಮೊಕದ್ದಮೆ ಹಾಕಿದಾಗ, ಮುಚ್ಚಿಟ್ಟ ಆ ಭಾಗವನ್ನು ತಂದು ತುಂಬಿದ ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದರು. ಪ್ರೀತಿಯ ಒಳಗಿನ ನೋವು ಹೊರಗೆ ಬಂದದ್ದು ಹೀಗೆ, ಎಲ್ಲರೂ ಬಾಯಿ ಚಪ್ಪರಿಸುವ ಹಾಗೆ. ಡಗ್ಲಸ್ ಸೋತ. (ವೈಲ್ಡ್ ಬರೆದದ್ದೆಲ್ಲ ವೇದವಾಕ್ಯ ಅಂತಲ್ಲ. ಅವನು ವಯಸ್ಸಿನಲ್ಲಿ ದೊಡ್ಡವನು, ಹೆಸರುವಾಸಿ, ಅವನ ಸಣ್ಣತನಗಳೂ ಆ ಕಾಗದದಲ್ಲೇ ಇಣುಕುತ್ತವೆ. ಒಂದು ಕಡೆಯವರ ಮಾತು ಅದು. ಆದರೆ ಒಂದು ಕಡೆಯದೂ ಇಲ್ಲದಿದ್ದರೆ ಇನ್ನೊಂದು ಕಡೆಯದನ್ನು ಕೇಳುವುದಾದರೂ ಹೇಗೆ?)

ಶತ್ರುಗಳಿಗೆ ಬೇಕಾದದ್ದು ಬೇರೆಯೇ ಇತ್ತು. 1873ರಲ್ಲಿ ಬ್ರಸೆಲ್ಸ್‌ನಲ್ಲಿ ಕವಿ ವೆರ್ಲೇನ್ ತನ್ನ ಪ್ರಿಯಕರ ರ್ಯಾಂಬೋ ಮೇಲೆ ಗುಂಡು ಹಾರಿಸಿ ಮಣಿಕಟ್ಟಿಗೆ ಗಾಯ ಮಾಡಿದ. ಬಿಟ್ಟು ಹೋಗಬೇಡ ಅನ್ನುವ ಜಗಳ. ಸರ್ಕಾರ ಡಾಕ್ಟರುಗಳನ್ನು ಕಳಿಸಿ ವೆರ್ಲೇನ್‌ನ ಮೈ ಪರೀಕ್ಷೆ ಮಾಡಿಸಿತು, ಸಲಿಂಗಕಾಮದ ಗುರುತು ಸಿಗುತ್ತಾ ಅಂತ. ಆ ವರದಿ ಉಳಿದಿದೆ. ನಮ್ಮಲ್ಲಿ 1884ರ ಅಲಹಾಬಾದ್ ಹೈಕೋರ್ಟಿನ ಖೈರಾತಿ ಕೇಸಿನಲ್ಲೂ ಅಷ್ಟೇ. ಹೆಣ್ಣುಡುಗೆ ಉಟ್ಟು ಹಾಡುತ್ತಿದ್ದ ಮನುಷ್ಯನನ್ನು ಹಿಡಿದು ತಂದು ಸಿವಿಲ್ ಸರ್ಜನ್ ಮೈ ನೋಡಿ ಬರೆದದ್ದು ಇದೆ. ಆ ಮನುಷ್ಯ ಯಾರ ಜೊತೆ ಬಾಳಿದರು, ಅವರನ್ನು ಯಾರು ಹೇಗೆ ನೋಡಿಕೊಂಡರು ಅನ್ನೋದು ಯಾರಿಗೂ ಬೇಕಿರಲಿಲ್ಲ. ಆಗದವರು ಮೈಯನ್ನಷ್ಟೇ ಬರೆದರು, ಆಪ್ತರು ಮಿಕ್ಕಿದ್ದನ್ನು ಅಳಿಸಿದರು. ನನಗೆ ಜಾಸ್ತಿ ಕಾಡುವುದು ಎರಡನೆಯದು. ಯಾಕೆಂದರೆ ಆ ಕತ್ತರಿ ನನ್ನ ಗೆಳೆಯರ ಕೈಯಲ್ಲಿತ್ತು, ನನ್ನ ಕೈಯಲ್ಲೂ ಇತ್ತು. ನಮ್ಮನ್ನು ಉಳಿಸಿಕೊಳ್ಳೋಕೆ ಅಂತಲೇ ಇತ್ತು.

ತವರಿಲ್ಲದವರು

ನಮ್ಮಜ್ಜಿ ಬೀಸುವಾಗ ಹಾಡುತ್ತಿದ್ದ ಪದಗಳಲ್ಲಿ ಅತ್ತೆಯ ಕಾಟ, ಗಂಡನ ಬಿರುಸು, ನಾದಿನಿಯ ಕೊಂಕು ಎಲ್ಲ ಇತ್ತು. ಕೋರ್ಟು ಕಾಯ್ದೆ ಹುಟ್ಟುವ ಎಷ್ಟೋ ಮುಂಚೆ ಹೆಂಗಸರು ಅದನ್ನೆಲ್ಲ ಹಾಡಿಟ್ಟಿದ್ದರು. ಅಕ್ಷರ ಬರದಿದ್ದರೂ ದಾಖಲೆ ಉಳಿಯಿತು. ಯಾಕೆ ಉಳಿಯಿತು ಅಂದರೆ ಆ ಹಾಡಿಗೆ ಕೇಳುವವರಿದ್ದರು. ಎದುರಿಗೆ ಕೂತು ಗೂಟ ಹಿಡಿದ ಇನ್ನೊಬ್ಬಳಿದ್ದಳು. ಹಬ್ಬಕ್ಕೆ ಹೋದರೆ 'ಯಾಕೆ ಹೀಗೆ ಇಳಿದುಹೋಗಿದ್ದೀಯಾ' ಅಂತ ಕೇಳುವ ತವರು ಇತ್ತು. ತವರಿನವರು ವಾಪಸ್ ಕಳಿಸುತ್ತಿದ್ದರು, ಅದು ಬೇರೆ ಮಾತು. ಕೇಳಂತೂ ಕೇಳುತ್ತಿದ್ದರು.

ನಮಗೆ ತವರೇ ಮೊದಲ ಭಯ. ಮನೆಯವರಿಂದ ಅಡಗಿಕೊಂಡು ಕಟ್ಟಿದ ಸಂಬಂಧದ ಕಷ್ಟವನ್ನು ಮನೆಯವರಿಗೆ ಹೇಳುವುದು ಹೇಗೆ? ಇನ್ನುಳಿದದ್ದು ಗೆಳೆಯರ ಗುಂಪು. ಆ ಗುಂಪು ಅವಳದೂ ಹೌದು. ಅವಳನ್ನು ಬಿಟ್ಟರೆ ಶನಿವಾರದ ಮೀಟಿಂಗು, ಹುಟ್ಟುಹಬ್ಬದ ಕೇಕು, ಜ್ವರ ಬಂದಾಗ ಗಂಜಿ ತರುವವರು ಎಲ್ಲರನ್ನೂ ಬಿಟ್ಟ ಹಾಗೆ. ಹಿಜ್ರಾ ಸಮುದಾಯದಲ್ಲಿ ಜಮಾತ್ ಇದೆ. ತಪ್ಪು ಮಾಡಿದವರನ್ನು ಕೂರಿಸಿ ಕೇಳುತ್ತಾರೆ, ದಂಡ ಹಾಕುತ್ತಾರೆ. ಅದರ ಕಷ್ಟಗಳು ಅದಕ್ಕಿವೆ, ಗುರುವಿನ ಮೇಲೇ ದೂರಿದ್ದರೆ ಚೇಲಾ ಗತಿ ಏನು ಅಂತ ಕೇಳಬಹುದು. ಆದರೂ ದೂರು ಇಳಿಸೋಕೆ ಒಂದು ಕಟ್ಟೆ ಇದೆ. ಟ್ರಾನ್ಸ್ ಮಹಿಳೆಯರು ಕನ್ನಡದಲ್ಲಿ ಆತ್ಮಕಥೆ ಬರೆದು ಒಳಗಿನದ್ದನ್ನೂ ಹೇಳಿಕೊಂಡಿದ್ದಾರೆ. ಇಂಗ್ಲಿಷ್ ಓದಿದ, ಪಿಜಿಯಲ್ಲಿದ್ದ, ಮರ್ಯಾದಸ್ಥರಾದ ನಮ್ಮಂಥವರಿಗೇ ಅದು ಆಗಲಿಲ್ಲ.

2018ರ ಸೆಪ್ಟೆಂಬರ್ 6ರಂದು, ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ನ್ಯಾಯಮೂರ್ತಿ ಇಂದೂ ಮಲ್ಹೋತ್ರಾ ಅವರು, ಇತಿಹಾಸ ಈ ಸಮುದಾಯದವರ ಕ್ಷಮೆ ಕೇಳಬೇಕು ಅಂದಾಗ ನಾನೂ ಅತ್ತವಳೇ. ಆ ಕೇಸಿಗೆ ಹೆಸರು ಕೊಟ್ಟ ನವತೇಜ್ ಜೋಹರ್ ಮತ್ತು ಅವರ ಸಂಗಾತಿ ಎರಡು ದಶಕಕ್ಕೂ ಮೀರಿ ಜೊತೆಗಿದ್ದವರು. ಅಂಥವರನ್ನೇ ಮುಂದೆ ನಿಲ್ಲಿಸಬೇಕಿತ್ತು, ನಿಲ್ಲಿಸಿದ್ದು ಸರಿ. ಕೋರ್ಟಿನ ಕಾಗದಕ್ಕೆ ಒಳ್ಳೇ ಜೋಡಿಗಳು ಹೋದವು. ಸಲಿಂಗ ಮದುವೆಗೆ ಮಾನ್ಯತೆ ಕೇಳಿದ ಕೇಸಿನಲ್ಲೂ ಹಾಗೇ ಆಯ್ತು. 2023ರ ಅಕ್ಟೋಬರಿನಲ್ಲಿ ಸೋತೆವು. ವಾದ ನಡೆಯುತ್ತಿದ್ದ ದಿನಗಳಲ್ಲೇ ಕ್ವಿಯರ್ ಸಂಘಟನೆಗಳು ಸೇರಿ ಒಂದು ವರದಿ ತಂದವು, ಹುಟ್ಟಿದ ಮನೆಯವರೇ ಮಾಡುವ ಹಿಂಸೆಯ ಬಗ್ಗೆ. ಬಹಳ ಬೇಕಾಗಿದ್ದ ವರದಿ. ನಮ್ಮವರೇ ನಮ್ಮನ್ನು ಜಾಸ್ತಿ ನೋಯಿಸುತ್ತಾರೆ ಅನ್ನುವವರೆಗೆ ಬಂದಿದ್ದೇವೆ. 'ನಮ್ಮವರು' ಅನ್ನೋದರೊಳಗೆ ಇನ್ನೂ ಸಂಗಾತಿ ಬಂದಿಲ್ಲ. ಮದುವೆ ಕೇಳುವುದು ಅಂದರೆ ಡೈವೋರ್ಸ್ ಕೇಳುವುದೂ ಹೌದು, ಜೀವನಾಂಶ ಕೇಳುವುದೂ ಹೌದು. ಟೀವಿ ಚರ್ಚೆಯಲ್ಲಿ ಆ ಮಾತು ಎತ್ತಿದರೆ ಎದುರಿನವರಿಗೆ ಅನ್ನ ಹಾಕಿದ ಹಾಗೆ ಅಂತ ನಮ್ಮವರಿಗೆ ಭಯ. ಭಯ ಅರ್ಥ ಆಗುತ್ತೆ. ಆದರೆ ಯಾವಾಗಲೂ ಒಂದಲ್ಲ ಒಂದು ಕೇಸು ಕೋರ್ಟಿನಲ್ಲಿ ಇದ್ದೇ ಇರುತ್ತೆ.

ಈಗಿನ ಹುಡುಗಿಯರು ಡಿಲೀಟ್ ಮಾಡುವುದಿಲ್ಲ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುತ್ತಾರೆ. ಒಳ್ಳೇದು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಅದನ್ನು ಇನ್‌ಸ್ಟಾಗ್ರಾಂಗೆ ಹಾಕಿ, ಅದು ಯಾರದೋ ಚಿಕ್ಕಪ್ಪನ ಕೈಗೆ ಸಿಕ್ಕಿ, ಇಬ್ಬರ ಮನೆಗೂ ಗೊತ್ತಾಗಿ ಇಬ್ಬರೂ ಬೀದಿಗೆ ಬಿದ್ದದ್ದೂ ಇದೆ. ದೂರು ಕೇಳಿಸಿಕೊಳ್ಳುವ ಕಟ್ಟೆ ಇಲ್ಲದಿದ್ದರೆ ಅದು ಸಂತೆಯಲ್ಲೇ ಇಳಿಯುತ್ತೆ.

ಮೊನ್ನೆ ಪರಿಚಯದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಇಪ್ಪತ್ತೈದು ಇರಬಹುದು ವಯಸ್ಸು. ಕಾಫಿ ಆರುವವರೆಗೂ ಬೇರೆ ಏನೇನೋ ಮಾತಾಡಿ ಕೊನೆಗೆ ಕೇಳಿದಳು, 'ಅಕ್ಕಾ, ಅವಳು ಹೊಡೆಯಲ್ಲ. ಆದ್ರೂ ಇದು ಅಬ್ಯೂಸ್ ಅಂತ ಆಗುತ್ತಾ?' ಲಾಯರ್ ಒಬ್ಬರ ನಂಬರ್ ಕೊಟ್ಟೆ. 2016ರ ತೀರ್ಪಿನ ವಿಷಯ ಹೇಳಿದೆ. ನಡೆದದ್ದನ್ನು ತಾರೀಖಿನ ಸಮೇತ ಬರೆದು ನಂಬಿಕೆಯ ಒಬ್ಬರಿಗೆ ಮೇಲ್ ಮಾಡಿಡು ಅಂದೆ. ಅವಳು ತಲೆ ಆಡಿಸಿದಳು, ನಂಬಿದ ಹಾಗೆ ಕಾಣಲಿಲ್ಲ. ಆಗ ಅಣ್ಣನ ಫೋನಿನ ಕಥೆ ಹೇಳಿದೆ. ಸ್ಪೀಕರ್, ಒಂದು ರಿಂಗ್, ಕಟ್. ಅವಳು ಲೋಟ ಕೆಳಗಿಟ್ಟಳು. 'ನನ್ನವಳು ಅಮ್ಮನಿಗೆ ಮಾಡ್ತಾಳೆ ಅಕ್ಕ. ವಾಟ್ಸಾಪ್ ವಿಡಿಯೋ ಕಾಲ್. ಅಮ್ಮ ಎತ್ತೋಕೆ ಮುಂಚೆ ಕಟ್ ಮಾಡ್ತಾಳೆ.' ಸ್ವಲ್ಪ ಹೊತ್ತು ಬಿಟ್ಟು, 'ಇದು ಅವಳಿಗೇ ಹೊಳೆದಿದ್ದು ಅಂದ್ಕೊಂಡಿದ್ದೆ. ಹಾಗಾದ್ರೆ ಇದನ್ನ ತುಂಬಾ ಜನ ಮಾಡ್ತಾರಾ?' ಅಂದಳು.

ನನಗೆ ಗೊತ್ತಿರೋದು ಎರಡೇ ಅಂದೆ, ನಂದೊಂದು ನಿಂದೊಂದು.